ಹಳೇ ಕಾಲದ ಕಸ್ಟಮ್ ಬೇಟೆ ರೈಫಲ್‌ಗಳ ಹುಚ್ಚು ಯಾಕೆ ಇಳಿಯುತ್ತಿಲ್ಲ?

ಕಾಫಿತೋಟ_ಪೊನ್ನಂಪೇಟೆ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಚರ್ಚೆಗೆ ಇಡುತ್ತಿದ್ದೇನೆ. ಇವತ್ತು ಅಮೆರಿಕದ ಅಂಗಡಿಯಲ್ಲಿ ಸಿಗುವ ಸಾಧಾರಣ ಫ್ಯಾಕ್ಟರಿ ರೈಫಲ್, ಅದೂ ಪ್ಲಾಸ್ಟಿಕ್ ಸ್ಟಾಕಿನದು (ಭುಜಕ್ಕೆ ಆನಿಸಿ ಹಿಡಿಯುವ ಭಾಗ), ನೂರು ಗಜ ದೂರಕ್ಕೆ ಮೂರು ಗುಂಡನ್ನು ಒಂದು ಇಂಚಿನ ಆಸುಪಾಸಿನಲ್ಲಿ ಕೂರಿಸುತ್ತದೆ. ನೂರು ವರ್ಷದ ಹಿಂದೆ ಲಂಡನ್ನಿನ ಬಂದೂಕು ಕಂಪನಿಗಳಿಗೆ ಆರ್ಡರ್ ಕೊಟ್ಟು ಮಾಡಿಸಿದ ರಿಗ್ಬಿಯೋ, ಹಾಲೆಂಡ್ ಅಂಡ್ ಹಾಲೆಂಡೋ ಎಷ್ಟೋ ಸಲ ಅಷ್ಟು ಮಾಡುವುದಿಲ್ಲ. ಮಳೆಗಾಲಕ್ಕೆ ಮರ ಉಬ್ಬುತ್ತದೆ. ತೋಟಾ (ಕಾರ್ಟ್ರಿಜ್) ಸಿಗುವುದು ಕಷ್ಟ. ಬೆಲೆಯಂತೂ ಕೇಳಲೇಬೇಡಿ. ಆದರೂ ಹರಾಜಿಗೆ ಬಂದರೆ ಜನ ಮುಗಿಬೀಳುತ್ತಾರೆ.

ಚೆಂದ ಕಾಣುತ್ತದೆ ಅನ್ನೋದು ಒಂದು ಕಾರಣ, ಸರಿ. ಆದರೆ ಅಷ್ಟೇ ಆಗಿದ್ದರೆ ಕೆತ್ತನೆ ಜಾಸ್ತಿ ಇರುವುದಕ್ಕೇ ಜಾಸ್ತಿ ಗೌರವ ಸಿಗಬೇಕಿತ್ತು. ಹಾಗಿಲ್ಲ. ಬಲ್ಲವರು ಸರಳವಾದದ್ದನ್ನೇ ಹುಡುಕುತ್ತಾರೆ. ನನಗನ್ನಿಸುವುದು ಇಷ್ಟು: ಆ ರೈಫಲ್‌ಗಳಲ್ಲಿ ಸುಮ್ನೆ ಇಟ್ಟದ್ದು ಅಂತ ಏನೂ ಇಲ್ಲ. ಯಾರ ಭುಜಕ್ಕೆ, ಯಾವ ಕಾಡಿಗೆ, ಯಾವ ಪ್ರಾಣಿಗೆ, ಎಂಥ ಬಿಸಿಲಿಗೆ ಅಂತ ಕೇಳಿಕೊಂಡು ಮಾಡಿದ್ದಾರೆ. ಕೈಗೆ ತೆಗೆದುಕೊಂಡು ನೋಡಿದರೆ ಆ ಪ್ರಶ್ನೆಗಳೆಲ್ಲ ಇನ್ನೂ ಕಾಣುತ್ತವೆ. ಈಗಿನ ರೈಫಲ್ ಯಾರಿಗೂ ಅಂತ ಮಾಡಿದ್ದಲ್ಲ, ಎಲ್ಲರಿಗೂ ಮಾಡಿದ್ದು. ನೀವೇನಂತೀರಿ?

ಹೊಸಬ_ಪಾಯಿಂಟ್22

ಅಣ್ಣಾ, ಬೇಜಾರು ಮಾಡ್ಕೋಬೇಡಿ, ನನಗೆ ಇದು ದುಡ್ಡಿನ ದೊಡ್ಡಸ್ತಿಕೆ ಅಂತಲೇ ಅನ್ನಿಸುತ್ತದೆ. ಹಾಲೆಂಡ್ ಅಂಡ್ ಹಾಲೆಂಡಿನ ಹೊಸ ಜೋಡಿ ನಳಿಗೆ ರೈಫಲ್ಲಿನ ದುಡ್ಡಿಗೆ ಬೆಂಗಳೂರಲ್ಲಿ ಫ್ಲ್ಯಾಟೇ ಬರುತ್ತದೆ. ನಾನು ರೇಂಜಿನಲ್ಲಿ .22 ರೈಫಲ್ (ನಳಿಗೆಯ ಒಳಗಿನ ಅಳತೆ, ಇಂಚಿನಲ್ಲಿ) ಹೊಡೆಯುವವನು. ಗುರಿಗೆ ಬಿತ್ತಾ ಇಲ್ವಾ, ನನಗೆ ಅಷ್ಟೇ ಲೆಕ್ಕ. ಮರದ ಮೇಲಿನ ಗೆರೆ ನೋಡಿ ಯಾರೂ ಪಾಯಿಂಟ್ ಕೊಡಲ್ಲ.

ಪೀಣ್ಯ_ಫಿಟ್ಟರ್

ಟೂಲ್ ರೂಮಿನಲ್ಲಿ ತಲೆ ನೆರೆಸಿಕೊಂಡವನು ನಾನು. ಬೇಟೆ ಗೊತ್ತಿಲ್ಲ, ಲೋಹ ಗೊತ್ತು. ಹಾಗಾಗಿ ಆ ಕಡೆಯಿಂದ ಹೇಳುತ್ತೇನೆ.

ಮೊದಲು ಮೌಸರ್ ಆಕ್ಷನ್, ಅಂದರೆ ತೋಟಾ ತುಂಬಿ, ಹಾರಿಸಿ, ಹೊರಗೆ ಹಾಕುವ ಯಂತ್ರಭಾಗ. 1898ರ ಮಾದರಿ, ಜರ್ಮನಿಯ ಓಬರ್ನ್‌ಡಾರ್ಫ್ ಊರಿನದು. ಬೋಲ್ಟಿನ (ಕೈಯಿಂದ ಹಿಂದೆ ಮುಂದೆ ಎಳೆಯುವ ಉಕ್ಕಿನ ದಂಡ) ಬಲಗಡೆ ಉದ್ದಕ್ಕೆ ಒಂದು ಸ್ಪ್ರಿಂಗ್ ಪಟ್ಟಿ ಇರುತ್ತದೆ, ತುದಿಯಲ್ಲಿ ಕೊಕ್ಕೆ. ಬೋಲ್ಟು ತಿರುಗಿದರೂ ಈ ಪಟ್ಟಿ ತಿರುಗುವುದಿಲ್ಲ. ಮ್ಯಾಗಜೀನಿನಿಂದ ತೋಟಾ ಮೇಲೆ ಬರುವಾಗಲೇ ಅದರ ಅಂಚು ಈ ಕೊಕ್ಕೆಯೊಳಗೆ ಜಾರಿ ಕೂರುತ್ತದೆ. ಆಮೇಲೆ ರೈಫಲ್ ತಲೆಕೆಳಗೆ ಹಿಡಿಯಿರಿ, ಗಾಬರಿಯಲ್ಲಿ ಬೋಲ್ಟನ್ನು ಅರ್ಧಕ್ಕೇ ವಾಪಸ್ ಎಳೆಯಿರಿ, ತೋಟಾ ಉದುರುವುದೂ ಇಲ್ಲ, ಎರಡೆರಡು ಒಟ್ಟಿಗೆ ನುಗ್ಗಿ ಸಿಕ್ಕಿಕೊಳ್ಳುವುದೂ ಇಲ್ಲ. ಮೈಮೇಲೆ ಬರುವ ಪ್ರಾಣಿಯ ಮುಂದೆ ನಿಂತವನಿಗೆ ಬೇಕಾದದ್ದು ಇದು, ಒಂದು ಇಂಚಿನ ಗ್ರೂಪ್ ಅಲ್ಲ. ರಿಗ್ಬಿಯವರು ಬೋಲ್ಟ್ ರೈಫಲ್‌ಗಳಿಗೆ ಆಕ್ಷನ್ನನ್ನು ಮೌಸರ್‌ನಿಂದಲೇ ತರಿಸುತ್ತಿದ್ದರು. ಅದರ ಮೇಲೆ ತಮ್ಮ ಕೈಕೆಲಸ ಮಾಡುತ್ತಿದ್ದರು.

ಈಗ ಆ ಕೈಕೆಲಸ. ಸ್ಟಾಕಿನ ಮರಕ್ಕೆ ಲೋಹ ಕೂರಿಸುವುದು ಹೇಗೆ ಅಂತ ನೋಡಿದ್ದೀರಾ? ಆಕ್ಷನ್ನಿನ ತಳಕ್ಕೆ ಎಣ್ಣೆ ದೀಪದ ಮಸಿ ಹಿಡಿಸುತ್ತಾರೆ. ಮೆಲ್ಲಗೆ ಮರದ ಗೂಡಿಗೆ ಇಳಿಸಿ, ಎತ್ತುತ್ತಾರೆ. ಎಲ್ಲೆಲ್ಲಿ ಮಸಿ ಮೆತ್ತಿದೆಯೋ ಅಲ್ಲಿ ಮಾತ್ರ ಉಳಿಯಿಂದ ಕಾಗದದಷ್ಟು ತೆಳ್ಳಗೆ ಕೆರೆಯುತ್ತಾರೆ. ಮತ್ತೆ ಮಸಿ, ಮತ್ತೆ ಇಳಿಸು, ಮತ್ತೆ ಕೆರೆ. ಇಡೀ ಗೂಡು ಒಂದೇ ಸಮ ಕಪ್ಪಾಗುವವರೆಗೆ ಇದೇ ಕೆಲಸ. ಒಂದು ಕಡೆ ಜಾಸ್ತಿ ಕೆರೆದರೆ ಮುಗೀತು, ಮರ ಮತ್ತೆ ಬೆಳೆಯುವುದಿಲ್ಲ. ಹೀಗೆ ಕೂರಿಸಿದ ಸ್ಟಾಕಿನಲ್ಲಿ ಮರಕ್ಕೂ ಕಬ್ಬಿಣಕ್ಕೂ ನಡುವೆ ಉಗುರು ಹೋಗಲ್ಲ. ಗುಂಡು ಹಾರಿದಾಗಿನ ಒದೆತ ಇಡೀ ಮೈಗೆ ಹಂಚಿಹೋಗುತ್ತದೆ, ಅದಕ್ಕೇ ಮರ ಸೀಳುವುದಿಲ್ಲ. ಅಂದರೆ ಇದು ಷೋಕಿ ಅಲ್ಲ, ಎಂಜಿನಿಯರಿಂಗೇ. ಈಗ ಇದೇ ಕೆಲಸಕ್ಕೆ ಎಪಾಕ್ಸಿ ಸುರಿಯುತ್ತಾರೆ. ಅದೂ ಚೆನ್ನಾಗಿಯೇ ನಡೆಯುತ್ತದೆ, ಇಲ್ಲ ಅನ್ನಲ್ಲ.

ಕಪ್ಪು ಬಣ್ಣದ ಕಥೆಯೂ ಹಾಗೇ. ಒಳ್ಳೇ ಹಳೇ ನಳಿಗೆಯ ಮೇಲಿನ ಆ ಮಂದ ಕಪ್ಪು ಪೇಂಟಲ್ಲ, ತುಕ್ಕು. ಆಮ್ಲದ ದ್ರಾವಣ ಸವರಿ, ತೇವದ ಪೆಟ್ಟಿಗೆಯಲ್ಲಿಟ್ಟು ಬೇಕಂತಲೇ ತುಕ್ಕು ಬರಿಸುತ್ತಾರೆ. ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕೆಂಪು ತುಕ್ಕು ಕಪ್ಪಾಗುತ್ತದೆ. ಸಣ್ಣ ತಂತಿ ಬ್ರಷ್ಷಿನಿಂದ ಉಜ್ಜಿ, ಮತ್ತೆ ಶುರು. ಹಲವು ಸುತ್ತು ಆದ ಮೇಲೆ ಆ ಬಣ್ಣ ಬರುವುದು.

ಹೊಸಬ_ಪಾಯಿಂಟ್22

ಮಸಿ ವಿಷಯ ಗೊತ್ತೇ ಇರಲಿಲ್ಲ ಸರ್. ಆದರೂ ನಿಮ್ಮ ಮಾತಲ್ಲೇ ಇದೆಯಲ್ಲ, ಎಪಾಕ್ಸಿಯೂ ಅದೇ ಕೆಲಸ ಮಾಡುತ್ತದೆ ಅಂತ.

ಪೀಣ್ಯ_ಫಿಟ್ಟರ್

ಮಾಡುತ್ತದೆ ಕಣಪ್ಪ. ಆದರೆ ಎಪಾಕ್ಸಿ ಮಾಡಿದವನ ಹೆಸರು ಯಾರೂ ಬರೆಯಲ್ಲ. ಹಳೇ ಲಂಡನ್ ಜೋಡಿ ರೈಫಲ್ ಬಿಚ್ಚಿ ನೋಡು. ಹೊರಗೆ ಕಂಪನಿ ಹೆಸರು, ಒಳಗೆ ಯಾರಿಗೂ ಕಾಣದ ಜಾಗದಲ್ಲಿ ಎಷ್ಟೋ ಸಲ ಕೆಲಸಗಾರನ ಹೆಸರಿನ ಎರಡಕ್ಷರ ಹೊಡೆದಿರುತ್ತದೆ. ನಾನು ಮರುಳಾಗಿದ್ದು ಅದಕ್ಕೆ.

ಹಳೇ_ಮೈಸೂರು

ಪೊನ್ನಂಪೇಟೆಯವರು ಎಂಥ ಬಿಸಿಲಿಗೆ ಅಂದರಲ್ಲ, ಅದೇ ಎಳೆ ಹಿಡಿಯುತ್ತೇನೆ. ಈ ರೈಫಲ್‌ಗಳ ಚರಿತ್ರೆಯಲ್ಲಿ ನಮ್ಮ ದೇಶದ ಪಾತ್ರ ಜನ ಅಂದುಕೊಂಡದ್ದಕ್ಕಿಂತ ದೊಡ್ಡದು. ಇಂಗ್ಲೆಂಡಿನ ಕಾರ್ಖಾನೆಗಳಿಗೆ ಇಂಡಿಯಾ ಬರೀ ಗಿರಾಕಿ ಆಗಿರಲಿಲ್ಲ, ತಲೆನೋವೂ ಆಗಿತ್ತು.

ಒಂದು: ಕಾರ್ಡೈಟ್. 1898ರಲ್ಲಿ ರಿಗ್ಬಿಯವರು .450 ನೈಟ್ರೋ ಎಕ್ಸ್‌ಪ್ರೆಸ್ ಅನ್ನುವ ಕಾರ್ಡೈಟ್ ತೋಟಾ ತಂದರು. ಅದಕ್ಕೂ ಮುಂಚೆ ಆನೆ ಹೊಡೆಯಲು ಕರಿಮದ್ದಿನ 8 ಬೋರು, 4 ಬೋರಿನ ಭಾರಿ ಬಂದೂಕು ಹೊತ್ತುಕೊಂಡು ಹೋಗಬೇಕಿತ್ತು. ಹೊಗೆ ಎದ್ದರೆ ಮುಂದೆ ಏನಿದೆ ಅಂತ ಕಾಣುತ್ತಿರಲಿಲ್ಲ. ಕಾರ್ಡೈಟ್ ಹೊಗೆ ಇಲ್ಲದ ಮದ್ದು, ಶಕ್ತಿಯೂ ಜಾಸ್ತಿ. ಆದರೆ ಅದಕ್ಕೊಂದು ಕೆಟ್ಟ ಬುದ್ಧಿ. ಬಿಸಿಯಾದಷ್ಟೂ ಒತ್ತಡ ಏರುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಸಲೀಸಾಗಿ ಹೊರಬಂದ ಖಾಲಿ ತೋಟಾ ನಮ್ಮ ಬೇಸಿಗೆಯಲ್ಲಿ ನಳಿಗೆಗೆ ಅಂಟಿಕೊಂಡು ಕೂರುತ್ತಿತ್ತು. ಗಾಯಗೊಂಡ ಹುಲಿ ಎದುರಿಗಿದ್ದಾಗ ತೋಟಾ ಹೊರಗೆ ಬರದಿದ್ದರೆ ಏನು ಗತಿ ಹೇಳಿ. ಅದಕ್ಕೇ ಬಿಸಿ ದೇಶಗಳಿಗೆ ಅಂತ ಮದ್ದು ಕಡಿಮೆ ಹಾಕಿದ ತೋಟಾ ಬೇರೆಯೇ ಮಾಡಿದರು. 1911ರ .416 ರಿಗ್ಬಿಯ ತೋಟಾ ಅಷ್ಟು ದಪ್ಪ ಇರುವುದಕ್ಕೂ ಇದೇ ಕಾರಣ. ಒಳಗೆ ಜಾಗ ಜಾಸ್ತಿ, ಒತ್ತಡ ಕಡಿಮೆ. 1912ರ .375 ಹಾಲೆಂಡ್ ಅಂಡ್ ಹಾಲೆಂಡಿನ ತೋಟಾ ಉದ್ದಕ್ಕೆ ಇಳಿಜಾರಾಗಿದೆ, ಸ್ವಲ್ಪ ಸಡಿಲಾದರೆ ಸಾಕು, ಜಾರಿ ಬರುತ್ತದೆ.

ಎರಡು: 1907ರ ಸುಮಾರಿಗೆ ಬ್ರಿಟಿಷ್ ಸರ್ಕಾರ ಇಂಡಿಯಾಕ್ಕೂ ಸುಡಾನಿಗೂ .450 ಅಳತೆಯ ರೈಫಲ್, ತೋಟಾ ತರಕೂಡದು ಅಂತ ನಿಲ್ಲಿಸಿತು. ಯಾಕೆ ಅಂದರೆ, ಹಳೇ ಮಾರ್ಟಿನಿ ಹೆನ್ರಿ ಸೈನ್ಯದ ಬಂದೂಕು ಬಂಡಾಯಗಾರರ ಕೈಯಲ್ಲಿ ಬೇಕಾದಷ್ಟಿದ್ದವು. ಅವುಗಳ ಅಳತೆಯೂ ಅದೇ. ಸಾಹೇಬರ ಬೇಟೆ ತೋಟಾದಿಂದ ಗುಂಡು ಬಿಚ್ಚಿ ಅದಕ್ಕೆ ಬಳಸಿದರೆ ಅನ್ನುವ ಭಯ. ತಮ್ಮ ದೊಡ್ಡ ಮಾರುಕಟ್ಟೆಯೇ ಕೈಬಿಟ್ಟು ಹೋಯಿತು ಅಂತ ಲಂಡನ್ನಿನ ಕಂಪನಿಗಳು ಹೌಹಾರಿ, ಒಬ್ಬೊಬ್ಬರು ಒಂದೊಂದು ಹೊಸ ಅಳತೆ ತಂದರು. .500/465, .470, .475, .476 ಎಲ್ಲ ಹುಟ್ಟಿದ್ದು ಹಾಗೆ. ಈಗ ಆಫ್ರಿಕಾದ ಸಫಾರಿಯಲ್ಲಿ .470 ಅಂದರೆ ಜನ ಕೈಮುಗಿಯುತ್ತಾರೆ. ಅದರ ಹುಟ್ಟಿಗೆ ಕಾರಣ ನಮ್ಮ ದೇಶದ ಮೇಲಿದ್ದ ಅನುಮಾನ! ನನಗಂತೂ ಇದು ಬಲು ಖುಷಿ ಕೊಡುವ ವಿಷಯ.

ಇಂಥ ರೈಫಲ್ ಕೈಗೆ ಸಿಕ್ಕರೆ ನಳಿಗೆ ಮಡಚಿ ಅಡಿಭಾಗ ನೋಡಿ. ಎಷ್ಟು ಗ್ರೇನ್ (ಸಣ್ಣ ತೂಕದ ಅಳತೆ) ಕಾರ್ಡೈಟ್, ಎಷ್ಟು ಗ್ರೇನಿನ ಗುಂಡು ಅಂತ ಪ್ರೂಫ್ ಹೌಸಿನವರು, ಅಂದರೆ ಬಂದೂಕು ಪರೀಕ್ಷೆ ಮಾಡುವವರು, ಕೊರೆದಿರುತ್ತಾರೆ. .450ಕ್ಕೆ 70 ಗ್ರೇನ್ ಮದ್ದು, 480 ಗ್ರೇನ್ ಗುಂಡು. ಅದಕ್ಕಿಂತ ಜಾಸ್ತಿ ಹಾಕಿದರೆ ನಿಮ್ಮ ಹಣೆಬರಹ.

ಕಾಡುಪಾಪ

ಎಲ್ಲ ಓದಿದೆ. ಕೈಕೆಲಸ ದೊಡ್ಡದು, ಒಪ್ಪುತ್ತೇನೆ. ಆದರೆ ಯಾರೂ ಹೇಳದ ಒಂದು ಮಾತು ನಾನು ಹೇಳಲೇಬೇಕು. ಈ ಕೈಕೆಲಸ ಎಲ್ಲ ಯಾವುದಕ್ಕೆ ಬಳಕೆಯಾಯಿತು? ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯಲ್ಲಿ ಹುಲಿ ಚಿರತೆಗಳ ಚರ್ಮವನ್ನು ಅಚ್ಚಿನ ಮೇಲೆ ಕೂರಿಸಿ ಕೂರಿಸಿ ದೇಶ ವಿದೇಶಕ್ಕೆ ಕಳಿಸಿದರು. ಅಷ್ಟು ಚರ್ಮ ಎಲ್ಲಿಂದ ಬಂತು? ಇವೇ ರಿಗ್ಬಿ, ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್‌ಗಳಿಂದ. 1972ರ ವನ್ಯಜೀವಿ ಕಾಯ್ದೆ ಬರದೇ ಇದ್ದಿದ್ದರೆ ನಾಗರಹೊಳೆಯಲ್ಲಿ ಇವತ್ತು ಏನು ಉಳಿದಿರುತ್ತಿತ್ತು? ಯಾವ ಪ್ರಾಣಿಗೆ ಅಂತ ಕೇಳಿಕೊಂಡು ಮಾಡಿದ್ದು ಅಂತ ನೀವು ಹೊಗಳುವಾಗ ಆ ಪ್ರಾಣಿಯ ಕಡೆಯಿಂದಲೂ ಸ್ವಲ್ಪ ಯೋಚಿಸಿ.

ಕಾಫಿತೋಟ_ಪೊನ್ನಂಪೇಟೆ

ಮೇಡಂ, ನಿಮ್ಮ ಮಾತು ತಳ್ಳಿಹಾಕುವಂಥದ್ದಲ್ಲ. ನಮ್ಮ ಕಾಡು ಬರಿದಾಗಿದ್ದರಲ್ಲಿ ಕೋವಿಗೆ ಪಾಲಿದೆ. ಕಾಯ್ದೆ ಬಂದದ್ದು ಒಳ್ಳೆಯದಾಯಿತು, ಅದರಲ್ಲಿ ಎರಡು ಮಾತಿಲ್ಲ. ಮಹಾರಾಜರು ಆನೆ ಮೇಲೆ ಕೂತು, ನೂರಾರು ಜನರಿಂದ ಕಾಡು ಬಡಿಸಿ, ಓಡಿಬಂದ ಹುಲಿ ಹೊಡೆದದ್ದರಲ್ಲಿ ನನಗೆ ಯಾವ ಮೋಹವೂ ಇಲ್ಲ. ಚಿನ್ನ ಮೆತ್ತಿದ ಆ ದರ್ಬಾರಿ ರೈಫಲ್‌ಗಳಲ್ಲೂ ಇಲ್ಲ.

ಆದರೆ ನರಭಕ್ಷಕ ಹುಲಿಗಳನ್ನು ಬೇಟೆಯಾಡಿದ ಜಿಮ್ ಕಾರ್ಬೆಟ್ಟರ .275 ರಿಗ್ಬಿ ನೋಡಿ. 1907ರಲ್ಲಿ ಚಂಪಾವತ್‌ನ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂವೆಟ್ ಕೊಟ್ಟ ಉಡುಗೊರೆ ಅದು. ಸ್ಟಾಕಿನ ಮೇಲೆ ಒಂದು ಸಣ್ಣ ಬೆಳ್ಳಿ ಫಲಕ, ಅದನ್ನು ಬಿಟ್ಟರೆ ಅಲಂಕಾರ ಅಂತ ಹೆಚ್ಚೇನಿಲ್ಲ. ಹಗುರ, ಒದೆತ ಕಡಿಮೆ. ಬೆಟ್ಟ ಹತ್ತಿ ಒಬ್ಬನೇ ನಡೆಯುವವನಿಗೆ ತಕ್ಕದ್ದು. ಒಳಗಿರುವುದು ಅದೇ ಮೌಸರ್ ಆಕ್ಷನ್, ತೋಟಾ ಮೌಸರಿನ 7×57, ರಿಗ್ಬಿಯವರು ಅದಕ್ಕೆ .275 ಅಂತ ಹೆಸರಿಟ್ಟರು ಅಷ್ಟೇ. ಹಲವು ವರ್ಷ ಬೇರೆಯವರ ಕೈಯಲ್ಲಿದ್ದ ಅದನ್ನು 2015ರಲ್ಲಿ ರಿಗ್ಬಿ ಕಂಪನಿಯೇ ಕೊಂಡುಕೊಂಡಿತು. ಮರುವರ್ಷ ಇಂಡಿಯಾಕ್ಕೂ ತಂದು ತೋರಿಸಿದರು. ಅದೇ ಕಾಲದ್ದು, ಅದಕ್ಕಿಂತ ಹತ್ತು ಪಟ್ಟು ಬೆಲೆಬಾಳುವ ರೈಫಲ್‌ಗಳು ಎಷ್ಟೋ ಇವೆ. ಜನ ಸಾಲುಗಟ್ಟಿ ನೋಡುವುದು ಇದನ್ನು.

ಇನ್ನು ನಮ್ಮ ಕಡೆಯದು ಬೇರೆಯೇ ನಂಟು. ಕೊಡವರಿಗೂ ಜಮ್ಮಾ ಭೂಮಿ (ಕೊಡಗಿನ ವಂಶಪಾರಂಪರ್ಯ ಜಮೀನು) ಇರುವವರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಸೆಪ್ಟೆಂಬರ್ 3ರ ಕೈಲ್‌ಪೊಳ್ದಿಗೆ (ಆಯುಧಪೂಜೆಯ ಹಬ್ಬ) ಕೋವಿ ತೊಳೆದು, ಒರೆಸಿ, ನೆಲ್ಲಕ್ಕಿ (ಮನೆಯ ನಡುಮನೆ) ದೀಪದ ಹತ್ತಿರ ಇಟ್ಟು, ನಳಿಗೆ ಬಾಯಿಗೆ ತೋಕ್ ಪೂ (ಕೋವಿ ಹೂವು) ಸಿಗಿಸುತ್ತೇವೆ. ಮನೆಯಲ್ಲಿ ಗಂಡು ಹುಟ್ಟಿದರೆ ಗಾಳಿಯಲ್ಲಿ ಒಂದು ಈಡು (ಗುಂಡು), ಸಾವಾದರೆ ಎರಡು. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಈಡು ಹಾರಬೇಕು. ಅಲ್ಲಿ ಬೇಟೆಯ ಮಾತೇ ಇಲ್ಲ ನೋಡಿ. ಹೆಚ್ಚಿನ ಮನೆಗಳಲ್ಲಿರುವುದು ಒಂಟಿ ನಳಿಗೆ, ಜೋಡಿ ನಳಿಗೆ ಚರೆ ಕೋವಿ. ರೈಫಲ್ ಇರುವುದು ಅಪರೂಪ. ಇಂಗ್ಲಿಷ್ ಪ್ಲಾಂಟರುಗಳು ಬಿಟ್ಟುಹೋದದ್ದೋ, ಅವರಿಂದ ಕೊಂಡದ್ದೋ ಅಲ್ಲಲ್ಲಿ ಇವೆ.

ಕಾಡುಪಾಪ

ಕೈಲ್‌ಪೊಳ್ದಿನ ಕೋವಿ ಬೇರೆ, ದರ್ಬಾರಿ ರೈಫಲ್ ಬೇರೆ ಅಂತ ಒಪ್ಪಿದಿರಲ್ಲ, ಅಷ್ಟು ಸಾಕು. ಮ್ಯೂಸಿಯಂಗಳಲ್ಲಿ ಇವನ್ನು ಇಡುವಾಗ ಇದರಿಂದ ಏನೇನು ಹೊಡೆದರು ಅನ್ನುವ ಲೆಕ್ಕವನ್ನೂ ಪಕ್ಕದಲ್ಲೇ ಬರೆದಿಡಲಿ. ನನ್ನ ಬೇಡಿಕೆ ಅಷ್ಟೇ.

ಮೊಂಟಾನಾ_ಕನ್ನಡಿಗ

ಇಲ್ಲಿ ಬೇಟೆ ಕಾನೂನುಬದ್ಧ. ಲೈಸೆನ್ಸ್, ಟ್ಯಾಗು, ಸೀಸನ್ ಎಲ್ಲ ಇದೆ, ಮಾಂಸ ಫ್ರೀಜರಿಗೆ ಹೋಗುತ್ತದೆ. ಹಾಗಾಗಿ ಅಮೆರಿಕದ ಕಡೆಯ ಕಥೆ ಸ್ವಲ್ಪ ಸೇರಿಸುತ್ತೇನೆ. ಲಂಡನ್ನಿನ ಹೆಸರುಗಳೇ ಓಡಾಡುತ್ತಿವೆ, ಅನ್ಯಾಯ ಅಲ್ವಾ?

ಇಲ್ಲಿ ಕಸ್ಟಮ್ ರೈಫಲ್ ಹುಟ್ಟಿದ್ದು ಅರಮನೆಗೆ ಅಲ್ಲ. ಸೈನ್ಯದ ಸ್ಪ್ರಿಂಗ್‌ಫೀಲ್ಡ್ 1903 ರೈಫಲ್ ಕೊಂಡು ಅದರ ಒರಟು ಸ್ಟಾಕ್ ಕಿತ್ತುಹಾಕಿ, ಒಳ್ಳೇ ಅಕ್ರೋಟ್ ಮರದ್ದು ಮಾಡಿಸುವುದರಿಂದ ಶುರುವಾಯಿತು. ಸೀಮೋರ್ ಗ್ರಿಫಿನ್ ಅಂತ ನ್ಯೂಯಾರ್ಕಿನಲ್ಲಿ ಪೀಠೋಪಕರಣ ಮಾಡುವ ಬಡಗಿ. ಲೋಹದ ಕೆಲಸ ಬಲ್ಲ ಜೇಮ್ಸ್ ಹೋವ್ ಜತೆ ಸೇರಿ 1923ರಲ್ಲಿ ಗ್ರಿಫಿನ್ ಅಂಡ್ ಹೋವ್ ಶುರು ಮಾಡಿದರು. ಹೋವ್ ಬೇಗ ಬಿಟ್ಟುಹೋದರೂ ಹೆಸರು ಉಳಿಯಿತು. ಆ ಅಮೆರಿಕನ್ ಶೈಲಿಯ ಸ್ಟಾಕ್ ನನಗೆ ಇಂಗ್ಲಿಷ್‌ನದಕ್ಕಿಂತ ಇಷ್ಟ. ಕೆತ್ತನೆ ಇರುವುದಿಲ್ಲ, ಗೆರೆ ಮಾತ್ರ ಶುದ್ಧ.

ವಿಂಚೆಸ್ಟರ್ ಮಾಡೆಲ್ 70 ಗೊತ್ತಲ್ಲ, 1936ರಲ್ಲಿ ಬಂದದ್ದು. ಫ್ಯಾಕ್ಟರಿ ರೈಫಲ್ಲೇ, ಆದರೆ ಪೀಣ್ಯ ಸರ್ ಹೇಳಿದ ಮೌಸರ್ ಕೊಕ್ಕೆ ಅದರಲ್ಲೂ ಇತ್ತು. 1964ರಲ್ಲಿ ಖರ್ಚು ಉಳಿಸಲು ಕಂಪನಿಯವರು ಆ ಕೊಕ್ಕೆ ತೆಗೆದುಹಾಕಿದರು. ಕೈಹಿಡಿಯುವ ಜಾಗದ ಚೌಕುಳಿ ಗೆರೆಗಳನ್ನು ಕೈಯಲ್ಲಿ ಕೊರೆಯುವ ಬದಲು ಬಿಸಿ ಅಚ್ಚು ಒತ್ತಿದರು. ಜನ ಎಷ್ಟು ಸಿಟ್ಟಾದರು ಅಂದರೆ, ಇವತ್ತಿಗೂ ಇಲ್ಲಿ 64ಕ್ಕೆ ಮುಂಚಿನದು ಅಂದರೆ ಒಂದು ಬೆಲೆ, ನಂತರದ್ದು ಅಂದರೆ ಇನ್ನೊಂದು. 1990ರ ದಶಕದಲ್ಲಿ ಕಂಪನಿ ಕೊಕ್ಕೆಯನ್ನು ವಾಪಸ್ ತಂದಿತು.

ಅಳತೆಯ ವಿಷಯ ಒಂದು ಹೇಳಲೇಬೇಕು. ನಾನು ಎತ್ತರ ಕಡಿಮೆ, ಕೈ ಗಿಡ್ಡ. ಅಂಗಡಿಯ ರೈಫಲ್ ಎತ್ತಿದರೆ ಸ್ಟಾಕ್ ಕಂಕುಳಿಗೆ ಸಿಕ್ಕಿಕೊಳ್ಳುತ್ತಿತ್ತು, ಚಳಿಯ ಜಾಕೆಟ್ ಹಾಕಿದರೆ ಕೇಳುವುದೇ ಬೇಡ. ಇಲ್ಲೊಬ್ಬ ವಯಸ್ಸಾದ ಸ್ಟಾಕ್ ಕೆಲಸದವರ ಹತ್ತಿರ ಹಳೇ ಮಾಡೆಲ್ 70ಗೆ ಹೊಸ ಸ್ಟಾಕ್ ಮಾಡಿಸಿದೆ. ಜಾಕೆಟ್ ಹಾಕಿಕೊಂಡೇ ಬಾ ಅಂದರು. ಕಣ್ಣು ಮುಚ್ಚಿ ರೈಫಲ್ ಎತ್ತು ಅಂದರು, ಆಮೇಲೆ ಕಣ್ಣು ಬಿಡು ಅಂದರು. ಗುರಿ ನೋಟ ಎಲ್ಲಿ ನಿಂತಿದೆ ಅಂತ ಅವರು ಎದುರಿಂದ ನೋಡಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರು. ಈಗ ಎತ್ತಿದರೆ ಕಣ್ಣು ತಾನಾಗಿ ಸರಿಯಾದ ಜಾಗಕ್ಕೆ ಬರುತ್ತದೆ, ಹುಡುಕುವ ಕೆಲಸ ಇಲ್ಲ. ಪೊದೆಯಿಂದ ಜಿಂಕೆ ಎದ್ದಾಗ ಸಿಗುವುದು ಎರಡು ಮೂರು ಸೆಕೆಂಡು. ಹೊಸಬರೇ, ನೀವು ಪಾಯಿಂಟಿನ ಲೆಕ್ಕ ಹೇಳಿದಿರಿ, ಇಲ್ಲಿ ಪಾಯಿಂಟ್ ಆ ಎರಡು ಸೆಕೆಂಡಿಗೆ.

ಹೊಸಬ_ಪಾಯಿಂಟ್22

ಇದು ಒಪ್ಪಿದೆ ಸರ್. ನಮ್ಮ ಮ್ಯಾಚ್ ರೈಫಲ್‌ನಲ್ಲೂ ಸ್ಟಾಕ್ ಎಲ್ಲ ಕಡೆ ಸ್ಕ್ರೂ ತಿರುಗಿಸಿ ಮೈಗೆ ಹೊಂದಿಸಿಕೊಳ್ಳುತ್ತೇವೆ. ಅಂದರೆ ಅದೇ ಕೆಲಸ, ಮರದ ಬದಲು ಅಲ್ಯೂಮಿನಿಯಂ. ನಿಮ್ಮ ಹಳೇ ರೈಫಲ್ ಒಬ್ಬನಿಗೆ ಮಾತ್ರ ಸರಿಹೋಗುತ್ತದೆ, ನಮ್ಮದು ಯಾರಿಗೆ ಬೇಕಾದರೂ. ನಿಮ್ಮದಕ್ಕಿಂತ ನಮ್ಮದೇ ಮೇಲಾಯಿತಲ್ಲ?

ಇನ್ನೊಂದು ಪ್ರಶ್ನೆ: ಜೋಡಿ ನಳಿಗೆ ರೈಫಲ್ ಯಾಕೆ ಅಷ್ಟು ದುಬಾರಿ? ಎರಡು ನಳಿಗೆ ಅಂಟಿಸಿದರೆ ಆಯ್ತಲ್ಲ?

ಪೀಣ್ಯ_ಫಿಟ್ಟರ್

ಅಂಟಿಸಿದರೆ ಆಯ್ತಾ! ಅದರಲ್ಲೇ ಇರುವುದು ಕಥೆ.

ಎರಡು ನಳಿಗೆಯನ್ನೂ ನೇರಕ್ಕೆ ನೇರ ಕೂರಿಸಿದರೆ ಗುಂಡು ಒಂದೇ ಕಡೆ ಬೀಳಲ್ಲ. ಬಲ ನಳಿಗೆ ಹಾರಿದಾಗ ಒದೆತ ರೈಫಲ್ಲನ್ನು ಮೇಲಕ್ಕೂ ಬಲಕ್ಕೂ ತಿರುಗಿಸುತ್ತದೆ. ಗುಂಡು ಇನ್ನೂ ನಳಿಗೆಯೊಳಗೆ ಇರುವಾಗಲೇ ಈ ತಿರುವು ಶುರುವಾಗಿರುತ್ತದೆ. ಎಡದ್ದು ಎಡಕ್ಕೆ. ಹಾಗಾಗಿ ನಳಿಗೆಗಳ ಬಾಯನ್ನು ಒಂದರ ಕಡೆಗೊಂದು ಚೂರೇ ಚೂರು ಓರೆ ಮಾಡಿ ಕೂರಿಸಬೇಕು. ಎಷ್ಟು ಚೂರು? ಲೆಕ್ಕದಲ್ಲಿ ಪೂರ್ತಿ ಸಿಗುವುದಿಲ್ಲ. ಬಾಯಿಯ ಹತ್ತಿರ ಎರಡರ ನಡುವೆ ಸಣ್ಣ ಬೆಣೆ ಇಟ್ಟು, ಬೆಸುಗೆ ಹಾಕಿ, ರೇಂಜಿಗೆ ಒಯ್ದು ಹೊಡೆದು ನೋಡುತ್ತಾರೆ. ಗುಂಡು ಅಗಲಕ್ಕೆ ಬಿದ್ದರೆ ಬೆಸುಗೆ ಕಾಯಿಸಿ, ಬೆಣೆ ಒಂದಿಷ್ಟು ಸರಿಸಿ, ಮತ್ತೆ ಹೊಡೆಯುತ್ತಾರೆ. ಎರಡೂ ಗುಂಡು ಒಟ್ಟಿಗೆ ಬೀಳುವವರೆಗೂ ಬಿಡುವುದಿಲ್ಲ. ಹೊಡೆಯುವುದು ಆನೆ ಹೊಡೆಯುವ ತೋಟಾ ಕಣಪ್ಪ, ಭುಜ ಏನಾಗಬೇಡ. ಆ ಕೆಲಸಕ್ಕೇ ಬೇರೆ ಆಳು ಇರುತ್ತಿದ್ದರು.

ಇಷ್ಟೆಲ್ಲ ಮಾಡಿದ್ದು ಒಂದೇ ತೂಕದ ಗುಂಡು, ಒಂದೇ ಅಳತೆಯ ಮದ್ದಿಗೆ. ತೋಟಾ ಬದಲಾಯಿಸಿದರೆ ಎರಡು ನಳಿಗೆಯೂ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಯಾರಿಗೆ ಬೇಕಾದರೂ ಸರಿಹೋಗುವ ಸ್ಟಾಕ್ ಮೇಲು ಅಂದೆಯಲ್ಲ. ರೇಂಜಿಗೆ ಮೇಲೇ. ಮಳೆಯಲ್ಲಿ, ಕೆಸರಲ್ಲಿ ಸ್ಕ್ರೂ ಸಡಿಲಾದರೆ ಆಗ ಮಾತಾಡೋಣ.

ಹಳೇ_ಮೈಸೂರು

ತೋಟಾ ಮಾತು ಬಂತಲ್ಲ, ಅಲ್ಲೇ ಈ ರೈಫಲ್‌ಗಳ ಕಥೆ ಮುಗಿದೇಹೋಗುವುದರಲ್ಲಿತ್ತು. ಕೆಂಪು ಹಳದಿ ಪೆಟ್ಟಿಗೆಯ, ಇಂಗ್ಲೆಂಡಿನ ಕೈನಾಕ್ ಕಂಪನಿಯ ತೋಟಾಗಳು ನಮ್ಮ ಕಡೆಯ ಹಳೇ ಮನೆಗಳಲ್ಲಿ ಈಗಲೂ ಕಣ್ಣಿಗೆ ಬೀಳುತ್ತವೆ. ಆ ಕಂಪನಿ 1970ರ ಹೊತ್ತಿಗೆ ದೊಡ್ಡ ಅಳತೆಯ ತೋಟಾ ಮಾಡುವುದನ್ನೇ ನಿಲ್ಲಿಸಿತು. ಲಕ್ಷಗಟ್ಟಲೆ ಬೆಲೆಯ ರೈಫಲ್‌ಗಳು ಗೋಡೆ ಸೇರಿದವು. 1990ರ ದಶಕದಲ್ಲಿ ಅದೇ ಹೆಸರಿನಲ್ಲಿ ಮತ್ತೆ ತಯಾರಿ ಶುರುವಾದ ಮೇಲೆ ಎಷ್ಟೋ ಹಳೇ ರೈಫಲ್‌ಗಳು ಮತ್ತೆ ಹೊಡೆಯುವಂತಾದವು. ಬೆಲೆಯೂ ಆಮೇಲೇ ಏರಿದ್ದು.

ಇಂಡಿಯಾದ ಪಾಡು ಬೇರೆ. .303 ಸೈನ್ಯದ ಅಳತೆ ಅಂತ ನಿಷೇಧ, ಹಾಗಾಗಿ ಸರ್ಕಾರಿ ಕಾರ್ಖಾನೆಯವರು ಸಾರ್ವಜನಿಕರಿಗೆ ಅಂತ .315 ಮಾಡಿದರು. ಹಳೇ ಆಸ್ಟ್ರಿಯನ್ ಮಾನ್ಲಿಕರ್ ತೋಟಾ ಅದಕ್ಕೆ. ಹೊರಗಿನಿಂದ ಸಾಮಾನ್ಯ ಜನ ಬಂದೂಕು ತರಿಸಿಕೊಳ್ಳುವುದು 1980ರ ದಶಕದಲ್ಲಿ ನಿಂತಿತು. 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರು ಇದ್ದದ್ದು ಎರಡಕ್ಕೆ ಇಳಿಯಿತು, ಪಿತ್ರಾರ್ಜಿತ ಆದರೂ ಅಷ್ಟೇ. ತಾತನ ರಿಗ್ಬಿ, ಅಪ್ಪನ ಜೋಡಿ ನಳಿಗೆ, ತಮ್ಮದೊಂದು ರಿವಾಲ್ವರ್ ಇದ್ದವರು ಯಾವುದನ್ನು ಬಿಡುವುದು ಅಂತ ಕೂತು ಯೋಚಿಸಬೇಕಾಯಿತು. ನನಗೆ ಗೊತ್ತಿರುವ ಒಂದು ಮನೆಯವರು ರಿಗ್ಬಿ ಬಿಟ್ಟು ರಿವಾಲ್ವರ್ ಇಟ್ಟುಕೊಂಡರು. ಏನು ಹೇಳೋಣ!

ಕಾಫಿತೋಟ_ಪೊನ್ನಂಪೇಟೆ

ಅಯ್ಯೋ! ಹೊಟ್ಟೆ ಉರಿಯಿತು ಸರ್.

ಪೀಣ್ಯ ಸರ್, ಒಂದು ಸಹಾಯ. ನಮ್ಮ ಸಂಬಂಧಿಕರ ಮನೆಯಲ್ಲಿ ಹಳೇ .375 ಇದೆ, ಅವರದೇ ಲೈಸೆನ್ಸಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಗೋಡೆಯೂ ಬೆವರುತ್ತದೆ. ಸ್ಟಾಕಿನ ಮೇಲೆ ಬಿಳಿ ಬೂಷ್ಟು ಬರುತ್ತಿದೆ. ವಾರ್ನಿಷ್ ಹೊಡೆಸಲಾ ಅಂತ ಕೇಳುತ್ತಿದ್ದಾರೆ.

ಪೀಣ್ಯ_ಫಿಟ್ಟರ್

ದೇವರಾಣೆ ವಾರ್ನಿಷ್ ಬೇಡ! ಹಳೇ ಎಣ್ಣೆ ಹೊಳಪಿನ ಮೇಲೆ ವಾರ್ನಿಷ್ ಹೊಡೆದರೆ ಅರ್ಧ ಬೆಲೆ ಅವತ್ತೇ ಹೋಯಿತು ಅಂದುಕೊಳ್ಳಿ. ಒಣ ಬಟ್ಟೆಯಿಂದ ಬೂಷ್ಟು ಒರೆಸಿ. ಕುದಿಸಿದ ಅಗಸೆ ಎಣ್ಣೆ ಎರಡೇ ಹನಿ ಅಂಗೈಗೆ ಹಾಕಿಕೊಂಡು, ಕೈ ಬಿಸಿಯಾಗುವವರೆಗೆ ಮರಕ್ಕೆ ಉಜ್ಜಿ. ಜಾಸ್ತಿ ಹಾಕಬೇಡಿ, ಅಂಟಂಟಾಗುತ್ತದೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಬಿಸಾಡಬೇಡಿ, ತಾನಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಗಿಸಿ.

ಬಂದೂಕಿನ ಎಣ್ಣೆ ಲೋಹಕ್ಕೆ ಮಾತ್ರ. ನಿಲ್ಲಿಸಿಟ್ಟರೆ ನಳಿಗೆಯ ಎಣ್ಣೆ ಇಳಿದು ಸ್ಟಾಕಿನ ಕುತ್ತಿಗೆಗೆ ಇಂಗಿ ಮರ ಮೆತ್ತಗಾಗುತ್ತದೆ. ಬಾಯಿ ಕೆಳಗೆ ಮಾಡಿ ಇಡಿ. ಚರ್ಮದ ಕವರಿನಲ್ಲಂತೂ ಇಡಲೇಬೇಡಿ, ಮಳೆಗಾಲದಲ್ಲಿ ಅದೇ ತೇವ ಹಿಡಿದಿಡುತ್ತದೆ. ಹಳೇ ಕೈನಾಕ್ ತೋಟಾ ಹೊಡೆದಿದ್ದರೆ ಅದರ ಕೇಪಿನ ಉಪ್ಪು ನಳಿಗೆ ತಿನ್ನುತ್ತದೆ. ಎಣ್ಣೆಯಲ್ಲಿ ಅದು ಕರಗಲ್ಲ. ಅವತ್ತೇ ಕುದಿಯುವ ನೀರು ಹಾಯಿಸಿ, ಒಣಗಿಸಿ, ಆಮೇಲೆ ಎಣ್ಣೆ.

ಮೊಂಟಾನಾ_ಕನ್ನಡಿಗ

ಪೊನ್ನಂಪೇಟೆಯವರೇ, ಆ .375ರ ಫೋಟೋ ಸಿಕ್ಕರೆ ಇಲ್ಲಿ ಹಾಕಿ. ಬೋಲ್ಟಿನ ಕೊಕ್ಕೆ, ನಳಿಗೆಯ ಮೇಲಿನ ಬರಹ, ಪ್ರೂಫ್ ಗುರುತು ಸ್ಪಷ್ಟವಾಗಿ ಬರಲಿ. ಸೀರಿಯಲ್ ನಂಬರ್ ಮಾತ್ರ ಮುಚ್ಚಿ. ಅದನ್ನು ನೇರವಾಗಿ ಕಂಪನಿಗೆ ಬರೆದು ಕೇಳಲಿ, ಹಾಲೆಂಡ್‌ನದ್ದಾದರೆ ಹಳೇ ಲೆಡ್ಜರಿನಲ್ಲಿ ಮೊದಲು ಯಾರಿಗೆ ಮಾಡಿಕೊಟ್ಟದ್ದು ಅಂತ ಸಿಗುವ ಸಾಧ್ಯತೆ ಇದೆ.